ನಂದಿ ಬೆಟ್ಟ ಹತ್ತುವ ಕ್ಯಾರವಾನಿಗೆ ಯಾವ ರೇಡಿಯೇಟರ್ ಫ್ಯಾನ್?

ಚಿಕ್ಕಬಳ್ಳಾಪುರದ ಹೈವೇಯಲ್ಲಿ ಗಾಡಿ ಓಡುತ್ತಿದ್ದರೆ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಫ್ಯಾನಿನ ಯೋಗ್ಯತೆ ತಿಳಿಯುವುದು ನಂದಿ ಬೆಟ್ಟದ ತಿರುವುಗಳಲ್ಲಿ, ಸೆಕೆಂಡ್ ಗೇರಿನಲ್ಲಿ. ಮಂಚ, ಅಡುಗೆಮನೆ, ನೀರಿನ ಟ್ಯಾಂಕು ಹೊತ್ತ ಡೀಸೆಲ್ ಗಾಡಿಗೆ ಬೆಲ್ಟಿನಿಂದ ತಿರುಗುವ ವಿಸ್ಕಸ್ ಕ್ಲಚ್ ಫ್ಯಾನೇ ಸರಿ; ಬಿಸಿಯೇರಿದಾಗ ಅದರ ಕ್ಲಚ್ ಒಳಗಿನ ಸಿಲಿಕೋನ್ ಎಣ್ಣೆಯ ಮೂಲಕ ರೆಕ್ಕೆಯನ್ನು ಬಿಗಿಹಿಡಿದು ತಿರುಗಿಸುತ್ತದೆ. 300 ವ್ಯಾಟಿನ ಎಲೆಕ್ಟ್ರಿಕ್ ಫ್ಯಾನು 12 ವೋಲ್ಟಿನಲ್ಲಿ 25 ಆಂಪಿಯರ್ ಎಳೆಯುತ್ತದೆ, ಆದರೂ ಬೆಟ್ಟಕ್ಕೆ ಸಾಲದು. ಜೊತೆಗಿರಲಿ, ಬದಲಿಗೆ ಬೇಡ.

ಫ್ಯಾನಿನ ಈ ಕ್ಲಚ್ ಹೋಗಿದೆಯೇ? ಬಿಸಿ ಎಂಜಿನ್ ಆಫ್ ಮಾಡಿ, ಕೀ ತೆಗೆದು, ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಹೋಗಿದೆ. ನಡುವಿನ ಬೇರಿಂಗ್ ಸುತ್ತ ಜಿಡ್ಡು ಧೂಳು ಮೆತ್ತಿದ್ದರೆ ಸಿಲಿಕೋನ್ ಎಣ್ಣೆ ಸೋರಿದೆ ಎಂದರ್ಥ.

ಇನ್ನು ಶ್ರೌಡ್, ಅಂದರೆ ರೇಡಿಯೇಟರಿನಿಂದ ಫ್ಯಾನಿನ ಸುತ್ತ ಬರುವ ಕವಚ. ಅಡ್ಡ ಬರುತ್ತದೆಂದು ಬಿಚ್ಚಿಟ್ಟರೆ, ಫ್ಯಾನು ಎಂಜಿನ್ನಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತದೆ. ರೆಕ್ಕೆಯ ಅಗಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಅದರೊಳಗಿರಲಿ.