ಎಲ್ಲ ಮೆಷಿನ್ನೇ ಬಾರಿಸಿದ್ದಾದರೆ ಮನುಷ್ಯರು ಮಾಡಿದ್ದೇನು?

ಹ್ಯೂಮನ್ ಲೀಗ್ ಪಾಪ್ ತಂಡದ 1981ರ ಆಲ್ಬಮ್ ‘ಡೇರ್’ ಕೇಳಿ ನೋಡಿ ಅಂತ ಯಾರಿಗೆ ಹೇಳಿದರೂ ಬರುವ ಪ್ರಶ್ನೆ ಇದು. ಡ್ರಮ್ ಮೆಷಿನ್‌ನದ್ದು, ಬೇಸ್ (ತಗ್ಗಿನ ಸ್ವರಗಳ ಸಾಲು) ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂತಸೈಜರ್‌ನದ್ದು, ಎರಡನ್ನೂ ನಡೆಸುವುದು ಇನ್ನೊಂದು ಪೆಟ್ಟಿಗೆ. ಹಾಗಾದರೆ ಇದರಲ್ಲಿ ಕಲಾವಿದರ ಕೆಲಸ ಎಲ್ಲಿದೆ?

ನನ್ನ ಉತ್ತರ: ಪ್ರತಿ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಸುಮ್ಮನಾಗಬೇಕು ಅನ್ನುವ ತೀರ್ಮಾನದಲ್ಲಿದೆ. 1981ರಲ್ಲಿ ಆ ತೀರ್ಮಾನವನ್ನು ಅಂಕಿಗಳಲ್ಲಿ ಬರೆದು ಕೊಡಬೇಕಿತ್ತು.

ಮೊದಲು ಹಿನ್ನೆಲೆ. ಇಂಗ್ಲೆಂಡಿನ ಶೆಫೀಲ್ಡ್‌ನ ಈ ತಂಡ 1980ರ ಕೊನೆಗೆ ಒಡೆಯಿತು. ಸಂಗೀತದ ಭಾರ ಹೊತ್ತಿದ್ದ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಹೊರಟುಹೋದರು. ಉಳಿದವರು ಗಾಯಕ ಫಿಲಿಪ್ ಓಕಿ ಮತ್ತು ವೇದಿಕೆಯಲ್ಲಿ ಸ್ಲೈಡ್ ತೋರಿಸುತ್ತಿದ್ದ ಏಡ್ರಿಯನ್ ರೈಟ್. ಊರಿನ ನೈಟ್‌ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಇಬ್ಬರು ಶಾಲಾ ಹುಡುಗಿಯರನ್ನು, 17ರ ಸೂಸನ್ ಸಲಿ ಮತ್ತು 18ರ ಜೋಆ್ಯನ್ ಕ್ಯಾಥರಲ್‌ರನ್ನು, ಓಕಿ ಸೇರಿಸಿಕೊಂಡರು. ಆಮೇಲೆ ಇಯಾನ್ ಬರ್ಡನ್, ಗಿಟಾರ್ ವಾದಕ ಜೋ ಕ್ಯಾಲಿಸ್ ಬಂದರು. ನಿರ್ಮಾಪಕ ಮಾರ್ಟಿನ್ ರಷೆಂಟ್. ಧ್ವನಿಮುದ್ರಣ ಬರ್ಕ್‌ಷೈರ್‌ನಲ್ಲಿದ್ದ ಅವರದೇ ಸ್ಟುಡಿಯೋದಲ್ಲಿ.

ಈಗ ಆ ಪೆಟ್ಟಿಗೆ. ರೋಲ್ಯಾಂಡ್ ಎಂಸಿ-8 ಸೀಕ್ವೆನ್ಸರ್, ಅಂದರೆ ಬರೆದುಕೊಟ್ಟ ಸ್ವರಗಳನ್ನು ಸಾಲಾಗಿ ನುಡಿಸುವ ಯಂತ್ರ, 1977ರದ್ದು. ಅದಕ್ಕೆ ಪಿಯಾನೋ ಮನೆಗಳಿಲ್ಲ, ಕ್ಯಾಲ್ಕುಲೇಟರ್‌ನಂಥ ಗುಂಡಿಗಳಿವೆ. ಒಂದು ಸ್ವರಕ್ಕೆ ಮೂರು ಅಂಕಿ ಒತ್ತಬೇಕು: ಯಾವ ಸ್ವರ, ಮುಂದಿನ ಸ್ವರಕ್ಕೆ ಎಷ್ಟು ಹೊತ್ತು, ಅದರಲ್ಲಿ ಈ ಸ್ವರ ಕೇಳಿಸಬೇಕಾದದ್ದು ಎಷ್ಟು ಹೊತ್ತು. ತಾಳದ ಒಂದು ಪೆಟ್ಟನ್ನು 48 ಭಾಗ ಮಾಡಿಕೊಂಡಿದ್ದೀರಿ ಅನ್ನಿ. ಅರ್ಧ ಪೆಟ್ಟಿನ ಸ್ವರಕ್ಕೆ 24 ಸಿಗುತ್ತದೆ. ಕೇಳಿಸುವ ಹೊತ್ತನ್ನೂ 24 ಮಾಡಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಜೋಲುತ್ತವೆ. 12 ಮಾಡಿದರೆ ನಡಿಗೆ ಬರುತ್ತದೆ. 5 ಮಾಡಿದರೆ ಚಿಟಿಕೆ ಹೊಡೆದಂತಾಗುತ್ತದೆ. ಸ್ವರ ಅದೇ, ವೇಗ ಅದೇ. ಬದಲಾದದ್ದು ನಡುವಿನ ಮೌನ ಮಾತ್ರ. ಕಾರ್ವೆಯ, ಅಂದರೆ ನಡುವೆ ಬಿಡುವ ವಿರಾಮದ, ಬೆಲೆ ಬಲ್ಲ ನಮ್ಮ ಕಡೆಯ ಕಿವಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ‘ಲವ್ ಆ್ಯಕ್ಷನ್’ ಹಾಡಿನ ಬೇಸನ್ನಷ್ಟೇ ಹಿಡಿದು ಕೇಳಿ: ಕುಣಿಸುವುದು ಸ್ವರಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಸಂದು.

ಡ್ರಮ್ ಕಥೆಯೂ ಹೀಗೆಯೇ. ಇದರಲ್ಲಿ ಬಳಸಿದ ಡ್ರಮ್ ಮೆಷಿನ್, ರೋಜರ್ ಲಿನ್ ರೂಪಿಸಿದ ಎಲ್‌ಎಂ-1 ಹೊರಬಂದದ್ದು 1980ರಲ್ಲಿ. ನಿಜವಾದ ಡ್ರಮ್ಮಿನ ಸದ್ದನ್ನೇ ಚಿಪ್‌ನಲ್ಲಿ ತುಂಬಿಟ್ಟ ಮೊದಲ ಮೆಷಿನ್ ಅದು. ಬೆಲೆ ಸುಮಾರು 5,000 ಡಾಲರ್. ಆಗ ಮೆಮೊರಿ ದುಬಾರಿ, ಲೋಹದ ತಟ್ಟೆಯಾದ ಸಿಂಬಲ್‌ನ ಸದ್ದು ಉದ್ದ. ಹಾಗಾಗಿ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಬಿಟ್ಟರೆ ಅದರಲ್ಲಿ ಬೇರೆ ಸಿಂಬಲ್ಲೇ ಇಲ್ಲ. ಪಲ್ಲವಿ ಬಂತು ಅಂದ ತಕ್ಷಣ ‘ಝಂಯ್’ ಅಂತ ಬಡಿಯುವ ರಾಕ್ ಚಾಳಿಗೆ ಇಲ್ಲಿ ಜಾಗವಿಲ್ಲ. ಆ ಕೆಲಸವನ್ನು ಸಿಂತ್‌ನ ಒಂದು ಎಳೆಯೋ ಹುಡುಗಿಯರ ದನಿಯೋ ಮಾಡಬೇಕು. ಈ ಆಲ್ಬಮ್ಮಿನಲ್ಲಿ ಗಾಳಿಯಾಡಿದಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಮನುಷ್ಯರು ಎದ್ದು ಕಾಣುವುದು ರೆಕಾರ್ಡಿನ ಎರಡನೇ ಬದಿಯ ಕೊನೆಯ ಹಾಡು ‘ಡೋಂಟ್ ಯು ವಾಂಟ್ ಮಿ’ಯಲ್ಲಿ. ನಿನ್ನನ್ನು ತಾರೆ ಮಾಡಿದ್ದು ನಾನು ಅಂತ ಗಂಡು ಗದರುತ್ತದೆ. ನೀನಿಲ್ಲದಿದ್ದರೂ ನಾನು ಮೇಲೆ ಬರುತ್ತಿದ್ದೆ ಅಂತ ಹೆಣ್ಣು ಸಮಾಧಾನವಾಗಿ ಉತ್ತರಿಸುತ್ತದೆ. ಸೂಸನ್‌ದು ತರಬೇತಿಯ ಕಂಠವಲ್ಲ, ಪಕ್ಕದ ಮನೆಯ ಹುಡುಗಿಯ ದನಿ. ಅಳತೆ ಹಿಡಿದ ಲಯದ ಮೇಲೆ ಆ ದನಿ ಕೂತಾಗಲೇ ಮಾತಿಗೆ ನಿಜದ ತೂಕ ಬರುತ್ತದೆ. ನುರಿತ ಗಾಯಕಿ ಹಾಡಿದ್ದರೆ ಕೆಟ್ಟುಹೋಗುತ್ತಿತ್ತು ಅಂತ ನಾನು ಖಂಡಿತ ನಂಬಿದ್ದೇನೆ. ಓಕಿಗೆ ಮಾತ್ರ ಈ ಹಾಡು ಹಿಡಿಸಿರಲಿಲ್ಲ, ಅದಕ್ಕೇ ಕೊನೆಗೆ ತಳ್ಳಿದ್ದು. ಬಿಡಿ ಹಾಡಾಗಿ ಬಂದಾಗ ಅದು 1981ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ, 1982ರ ಬೇಸಿಗೆಗೆ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

ಕೇಳುವಾಗ ಶಫಲ್ ಆಫ್ ಮಾಡಿ. ‘ಗೆಟ್ ಕಾರ್ಟರ್’ ಸುಮಾರು ಒಂದು ನಿಮಿಷದ ತುಣುಕು, ಕ್ಯಾಲ್ಕುಲೇಟರೂ ಆಗಿದ್ದ ಪುಟ್ಟ ಕ್ಯಾಸಿಯೋ ವಾದ್ಯದ್ದು. ಬಿಡಿಯಾಗಿ ಕೇಳಿದರೆ ಏನೂ ಅನ್ನಿಸದು, ಎರಡನೇ ಬದಿಯ ಬಾಗಿಲಾಗಿ ಚೆಂದ. ಫೋನಿನ ಸ್ಪೀಕರ್ ಬೇಡ, ಬೇಸ್ ಪೂರ್ತಿ ಮಾಯವಾಗುತ್ತದೆ. ಆಮೇಲೆ ರಷೆಂಟ್ ಇದೇ ಹಾಡುಗಳ ಟೇಪನ್ನು ಕತ್ತರಿಸಿ ಅಂಟಿಸಿ 1982ರಲ್ಲಿ ತಂದ ‘ಲವ್ ಆ್ಯಂಡ್ ಡ್ಯಾನ್ಸಿಂಗ್’ ಕೇಳಿ. ಹಾಡುಗಾರಿಕೆ ಬಹುಪಾಲು ತೆಗೆದಿರುವುದರಿಂದ ಒಳಗಿನ ಹೆಣಿಗೆ ಬಿಡಿಬಿಡಿಯಾಗಿ ಕಾಣುತ್ತದೆ.

ಇಂಥದ್ದನ್ನು ಕಂಪ್ಯೂಟರಿನಲ್ಲಿ ಮಾಡಲು ಹೊರಟವರು ಎಡವುವುದು ಎರಡು ಕಡೆ: ಎಲ್ಲದಕ್ಕೂ ರಿವರ್ಬ್ (ಕೋಣೆಯ ಮಾರ್ದನಿಯಂಥ ಗುಂಗು) ಸುರಿಯುತ್ತಾರೆ, ಬೇಸ್ ಸ್ವರಗಳನ್ನು ಪೂರ್ತಿ ಉದ್ದಕ್ಕೆ ಎಳೆಯುತ್ತಾರೆ. ರಿವರ್ಬ್ ತೆಗೆಯಿರಿ. ಬೇಸ್ ಒಮ್ಮೆಗೆ ಒಂದೇ ಸ್ವರ ನುಡಿಯಲಿ. ಪ್ರತಿ ಸ್ವರವನ್ನು ಅರ್ಧಕ್ಕೆ ಕತ್ತರಿಸಿ, ಬೇಕಾದ ಒಂದೆರಡನ್ನು ಮಾತ್ರ ಉದ್ದ ಬಿಡಿ. ಯಾವೆರಡು ಅನ್ನುವುದನ್ನು ಮೆಷಿನ್ ಹೇಳುವುದಿಲ್ಲ.