ಹತ್ತೇ ನಿಮಿಷಕ್ಕೆ ನಿಂತ ಪಂಪು

ಉಡುಪಿ, 14 ಜುಲೈ 2024, ಭಾನುವಾರ

ಬೆಳಗ್ಗೆಯಿಂದ ಬಿಡದೆ ಮಳೆ. ನೀರುದೋಸೆ ತಿನ್ನುತ್ತಾ ಕೂತಿದ್ದೆ, ಒಳಗಿಂದ ಅಮ್ಮನ ದನಿ: "ಎಂಥ ಮಾರಾಯ ನಿನ್ನ ಮೆಷಿನು? ಟ್ಯಾಂಕಿ ಅರ್ಧವೇ ತುಂಬಿದ್ದು!"

ಬಾವಿಯ ಪಂಪಿಗೆ ನಾನೇ ಮಾಡಿದ ಟೈಮರ್ ಅದು. ಬ್ಲೂ ಪಿಲ್ ಅನ್ನುವ ಪುಟ್ಟ ಬೋರ್ಡು, ಅದರಲ್ಲಿ ಎಸ್‌ಟಿಎಂ32ಎಫ್103 ಅನ್ನುವ ಮೈಕ್ರೋಕಂಟ್ರೋಲರ್ ಚಿಪ್, ಜೊತೆಗೆ ಪಂಪನ್ನು ಆನ್-ಆಫ್ ಮಾಡಲು ಒಂದು ರಿಲೇ. 20 ನಿಮಿಷ ಓಡಿಸಿ ನಿಲ್ಲಿಸಬೇಕು. ಪಂಪಿನ ವೈರು ತೆಗೆದು, ಗೋಡೆ ಗಡಿಯಾರ ನೋಡುತ್ತಾ ಕೂತೆ. ಸರಿಯಾಗಿ 10 ನಿಮಿಷಕ್ಕೆ ಟಕ್ ಅಂತ ರಿಲೇ ಬಿತ್ತು.

ಒಂಬತ್ತೂವರೆ ಅಲ್ಲ, ಹನ್ನೊಂದೂ ಅಲ್ಲ. ಚಿಪ್ಪಿಗೆ ತಾಳ ಹಾಕುವ ಕ್ರಿಸ್ಟಲ್ ಕೆಟ್ಟಿದ್ದರೆ ಇಷ್ಟು ನಾಜೂಕಾಗಿ ತಪ್ಪುತ್ತಿರಲಿಲ್ಲ ಅಲ್ವಾ?

ಮೊನ್ನೆಯ ತಪ್ಪು ಬೇರೆ. ಅವತ್ತು ಚಿಪ್ಪಿನೊಳಗೆ ಸಮಯ ಎಣಿಸುವ ಟೈಮರ್ 2ಕ್ಕೆ ಕ್ಲಾಕ್, ಅಂದರೆ ಎಣಿಸುವ ತಾಳ, ಕೊಡುವುದನ್ನೇ ಮರೆತಿದ್ದೆ. ಅದರ ರಿಜಿಸ್ಟರಿಗೆ (ಸೆಟ್ಟಿಂಗ್ ಬರೆಯುವ ಜಾಗ) ಏನು ಬರೆದರೂ ಓದಿದಾಗ ಸೊನ್ನೆ. ಈ ಚಿಪ್ಪಿನಲ್ಲಿ ಟೈಮರಿನಂಥ ಒಂದೊಂದು ಪೆರಿಫೆರಲ್‌ಗೂ ಕ್ಲಾಕಿನ ಒಂದೊಂದು ಸ್ವಿಚ್ಚು. ರೀಸೆಟ್ ಆದಾಗ ಹೆಚ್ಚಿನವು ಆಫ್. ಕ್ಲಾಕ್ ಹಂಚುವ ಆರ್‌ಸಿಸಿಯಲ್ಲಿ, ಟೈಮರ್ 2 ಇರುವ ಎಪಿಬಿ1 ಬಸ್ಸಿನ (ಚಿಪ್ಪಿನೊಳಗಿನ ಡೇಟಾ ದಾರಿ) ಎನೇಬಲ್ ರಿಜಿಸ್ಟರಿನ ಬಿಟ್ 0 ಆನ್ ಮಾಡಿದ ಕೂಡಲೇ ಜೀವ ಬಂತು.

ಇವತ್ತಿನದು ಕಳ್ಳ ತಪ್ಪು. 8 ಮೆಗಾಹರ್ಟ್ಸ್ ಕ್ರಿಸ್ಟಲ್, ವೇಗ ಹೆಚ್ಚಿಸುವ ಪಿಎಲ್‌ಎಲ್‌ನಲ್ಲಿ 9 ಪಟ್ಟು, ಅಲ್ಲಿಗೆ 72 ಮೆಗಾಹರ್ಟ್ಸ್. ಎಪಿಬಿ1 ಬಸ್ಸು 36 ದಾಟಬಾರದು, ಹಾಗಾಗಿ 2ರಿಂದ ಭಾಗಿಸಿದ್ದೆ. ಟೈಮರ್ ಇರುವುದು ಅದೇ ಬಸ್ಸಿನಲ್ಲಿ, ಅದಕ್ಕೂ 36ಏ ಅಂದುಕೊಂಡು ಕ್ಲಾಕನ್ನು ಭಾಗಿಸುವ ಪ್ರೀಸ್ಕೇಲರಿಗೆ 35999, ಎಷ್ಟರವರೆಗೆ ಎಣಿಸಬೇಕೆನ್ನುವ ಆಟೋ ರಿಲೋಡಿಗೆ 999 ಹಾಕಿದ್ದೆ (ಎರಡಕ್ಕೂ 1 ಸೇರಿಸಿ ಲೆಕ್ಕ). ಸೆಕೆಂಡಿಗೊಂದು ಇಂಟರಪ್ಟ್, ಅಂದರೆ ಎಣಿಕೆ ಮುಗಿಯಿತೆನ್ನುವ ಕರೆ, ಬರಬೇಕಿತ್ತು. ಮ್ಯಾನ್ಯುವಲಿನಲ್ಲಿ ಕ್ಲಾಕ್ ಎಲ್ಲೆಲ್ಲಿಗೆ ಹೋಗುತ್ತದೆಂದು ತೋರಿಸುವ ಕ್ಲಾಕ್ ಟ್ರೀ ಚಿತ್ರ ಹಿಗ್ಗಿಸಿ ನೋಡಿದರೆ ಒಂದು ಸಣ್ಣ ಡಬ್ಬಿ: ಬಸ್ಸನ್ನು 1ರಿಂದ ಭಾಗಿಸಿದ್ದರೆ ಟೈಮರಿಗೂ ಅಷ್ಟೇ, ಇಲ್ಲದಿದ್ದರೆ ಅದರ ಎರಡು ಪಟ್ಟು. ಅಂದರೆ 72! ಸೆಕೆಂಡಿಗೆ ಎರಡೆರಡು ಇಂಟರಪ್ಟ್, 20 ನಿಮಿಷ 10ಕ್ಕೇ ಮುಗಿಯಿತು. ಬಸ್ಸು ನಿಧಾನ, ಒಳಗೆ ಕೂತವನದ್ದು ಓಟ. ಇಷ್ಟು ದೊಡ್ಡ ವಿಷಯವನ್ನು ಇಷ್ಟು ಚಿಕ್ಕ ಅಕ್ಷರದಲ್ಲಿ ಬರೆಯುವುದಾ?

ಸುಮ್ನೆ 71999 ಹಾಕೋಣ ಅಂದರೆ ಪ್ರೀಸ್ಕೇಲರ್ 16 ಬಿಟ್ಟಿನದು, 65535ಕ್ಕೇ ಮುಗಿಯಿತು. ಕೊನೆಗೆ ಅದಕ್ಕೆ 7199, ಆಟೋ ರಿಲೋಡಿಗೆ 9999 ಕೊಟ್ಟೆ. ಈಗ ಸೆಕೆಂಡಿಗೆ ಒಂದೇ ಇಂಟರಪ್ಟ್.

ಅಷ್ಟರಲ್ಲಿ ಕರೆಂಟು ಹೋಯಿತು. ಸಂಜೆ ಬಂದ ಮೇಲೆ ಪಂಪು ಹಾಕಿದೆ. 14ನೇ ನಿಮಿಷಕ್ಕೆ ಟ್ಯಾಂಕಿ ತುಂಬಿ ತಾರಸಿಯಿಡೀ ನೀರು. ಬೆಳಗ್ಗಿನ ನೀರು ಅದರಲ್ಲೇ ಉಳಿದದ್ದು ನನಗೆ ನೆನಪೇ ಇರಲಿಲ್ಲ. ಮಳೆ ಜೋರಿದ್ದದ್ದರಿಂದ ಅಮ್ಮನಿಗೆ ಗೊತ್ತಾಗಲಿಲ್ಲ.