ಅರೆಕಾಲಿಕ ಕೆಲಸ: ಸಂಬಳಕ್ಕೆ ಮುಂಚೆ ಗಂಟೆ ಎಣಿಸಿ

ಅರೆಕಾಲಿಕ ಕೆಲಸದ ಚೌಕಾಸಿಯನ್ನು ತಿಂಗಳ ಮೊತ್ತದಿಂದ ಶುರು ಮಾಡಬೇಡಿ. ಅದೇ ಹುದ್ದೆಯ ಪೂರ್ಣಾವಧಿ ವಾರಕ್ಕೆ 40 ಗಂಟೆ, ನಿಮ್ಮದು 24 ಎಂದಾದರೆ ನಿಮ್ಮ ಪಾಲು ಶೇ. 60. ‘ಅರ್ಧ ಕೆಲಸ, ಅರ್ಧ ಸಂಬಳ’ ಎಂದು ಕಂಪನಿಯವರು ಮಾತು ತೇಲಿಸಿದರೆ, ನೀವು ತಲೆಯಾಡಿಸಿದರೆ, ಪೂರ್ಣಾವಧಿ ಸಂಬಳದ ಶೇ. 10 ಅಲ್ಲೇ ಹೋಯಿತು.

ಜನ ಹೆಚ್ಚು ಎಡವುವುದು ಬೇರೆ ಕಡೆ. ಗಂಟೆ ಕಡಿಮೆಯಾಗುತ್ತದೆ, ಕೆಲಸ ಕಡಿಮೆಯಾಗುವುದಿಲ್ಲ. ಐದು ದಿನದ ಹೊರೆಯನ್ನು ಮೂರು ದಿನಕ್ಕೆ ತುರುಕುತ್ತಾರೆ. ಹಾಗಾಗಿ ಯಾವ ಕೆಲಸ ನಿಮ್ಮದಲ್ಲ ಎಂಬುದನ್ನೂ ಬರೆಸಿಕೊಳ್ಳಿ. ನೀವು ಬರದ ದಿನ ಮೀಟಿಂಗ್ ಬಿದ್ದರೆ ದುಡ್ಡೋ, ಬದಲಿ ಬಿಡುವೋ? 25ನೇ ಗಂಟೆಗೆ ದರ ಎಷ್ಟು? ಓವರ್‌ಟೈಮ್ ದರ 40 ದಾಟಿದ ಮೇಲಷ್ಟೇ ಎಂದಿದ್ದರೆ, ನಡುವಿನ 16 ಗಂಟೆ ಮಾಮೂಲಿ ದರಕ್ಕೇ ದುಡಿಯಬೇಕು.

ರಜೆಯನ್ನು ಗಂಟೆಯಲ್ಲಿ ಕೇಳಿ. ಪೂರ್ಣಾವಧಿಯವರಿಗೆ 20 ದಿನ, ಅಂದರೆ 160 ಗಂಟೆ ಇದ್ದರೆ ನಿಮಗೆ 96. ನೀವು ಬರದ ದಿನದಂದೇ ಬೀಳುವ ಸಾರ್ವಜನಿಕ ರಜೆಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಅವೆಲ್ಲ ಸದ್ದಿಲ್ಲದೆ ಕೈತಪ್ಪುತ್ತವೆ.

ಕಂಪನಿ ಕೊಡುವ ವಿಮೆಯ ಲೆಕ್ಕವೇ ಬೇರೆ. ಅನೇಕ ಕಡೆ ವಾರಕ್ಕೆ ಇಂತಿಷ್ಟು ಗಂಟೆ ಮುಟ್ಟಿದವರಿಗೆ ಪೂರ್ತಿ, ಉಳಿದವರಿಗೆ ಸೊನ್ನೆ. ಆ ಗೆರೆ 25ಕ್ಕಿದ್ದರೆ ಸಂಬಳಕ್ಕೆ ಜಗ್ಗಾಡುವುದಕ್ಕಿಂತ ವಾರಕ್ಕೆ ಒಂದು ಗಂಟೆ ಹೆಚ್ಚು ಕೇಳುವುದೇ ಜಾಣತನ. ಒಪ್ಪದಿದ್ದರೆ, ನೀವೇ ಕಟ್ಟುವ ವರ್ಷದ ಕಂತನ್ನು 1,248ರಿಂದ (24 ಗಂಟೆ, 52 ವಾರ) ಭಾಗಿಸಿ, ಬಂದದ್ದನ್ನು ಗಂಟೆ ದರಕ್ಕೆ ಕೂಡಿಸಿ ಕೇಳಿ.